ಮುರಕಲ್ಲಿನ ಅಂಗಳಕ್ಕೆ ಹೂಶುಂಠಿ

ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಕಳೆದು ಒಂದೆರಡು ಮಳೆಗೆ ಮಣ್ಣು ತೊಯ್ದ ಕೂಡಲೇ ಹೂಶುಂಠಿ, ಅಂದರೆ ಸುರುಳಿ ಸುಗಂಧಿ, ರೆಡ್ ಜಿಂಜರ್, ಟಾರ್ಚ್ ಜಿಂಜರ್‌ನಂಥ ಹೂವಿಗಾಗಿ ಬೆಳೆಸುವ ಶುಂಠಿ ಜಾತಿಯ ಗಿಡ ನೆಡಬಹುದು. ಕಾಸರಗೋಡಿನ ಸೆಕೆ, ಗಾಳಿಯ ತೇವ, ಅಡಿಕೆ ತೋಟದ ಚದುರಿದ ನೆರಳು ಎಲ್ಲವೂ ಈ ಗಿಡಗಳಿಗೆ ಒಗ್ಗುತ್ತವೆ. ಆದರೂ ಜುಲೈ–ಆಗಸ್ಟಿನ ಆಟಿ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಗೆಡ್ಡೆ ಕೊಳೆತುಹೋಗುತ್ತದೆ. ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ಹೊಂಡ ತೋಡಿ ಗೊಬ್ಬರ ತುಂಬಿದರೆ ನೀರು ಇಳಿಯಲು ದಾರಿಯಿಲ್ಲದೆ ಹೊಂಡವೇ ಬಾನಿಯಾಗುತ್ತದೆ.

ಆದ್ದರಿಂದ ನೆಲದ ಮೇಲೆಯೇ 1 ಅಡಿ ಎತ್ತರ, 3 ಅಡಿ ಅಗಲದ ದಿಬ್ಬ ಮಾಡಿ. 2 ಬುಟ್ಟಿ ಮೇಲ್ಮಣ್ಣಿಗೆ 1 ಬುಟ್ಟಿ ಹುಡಿಯಾದ ಹಳೆಯ ಹಟ್ಟಿಗೊಬ್ಬರ, ಅರ್ಧ ಬುಟ್ಟಿ ಸುಡುಮಣ್ಣು, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಹಸಿ ಸೆಗಣಿ ಬೇಡವೇ ಬೇಡ. ದಿಬ್ಬದ ಸುತ್ತಲಿನ ನೀರು ಹರಿದುಹೋಗುವಂತೆ ಒಂದು ಕಣಿ ಬಿಡಿ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಒಳ್ಳೆಯದು. ತೆಂಗಿನ ಮರದಿಂದ 6 ಅಡಿಯಾದರೂ ದೂರವಿರಲಿ, ಇಲ್ಲವಾದರೆ ತೆಂಗಿನ ಬುಡ ಬಿಡಿಸಿ ಗೊಬ್ಬರ ಹಾಕುವಾಗ ಬೇರಿಗೆ ಪೆಟ್ಟು ಬೀಳುತ್ತದೆ.

ಗೆಡ್ಡೆಯ ತುಂಡು ನಾಲ್ಕೈದು ಇಂಚು ಇರಲಿ, ಅದರಲ್ಲಿ ಎರಡು ಮೂರು ಕಣ್ಣು ಬೇಕು. ಕತ್ತರಿಸಿದ ಗಾಯ ಒಣಗಲು ಒಂದು ದಿನ ನೆರಳಲ್ಲಿಡಿ. ಲೀಟರ್ ನೀರಿಗೆ 20 ಗ್ರಾಂ ಸ್ಯೂಡೋಮೊನಾಸ್ (ಕೊಳೆರೋಗ ತಡೆಯುವ ಉಪಕಾರಿ ಬ್ಯಾಕ್ಟೀರಿಯಾದ ಹುಡಿ) ಕದಡಿ ಅರ್ಧ ಗಂಟೆ ಅದ್ದಿ, ಕಣ್ಣು ಮೇಲಾಗಿಸಿ 2 ಇಂಚು ಆಳದಲ್ಲಿ ನೆಡಿ. ಇನ್ನೂ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವ ಮೊದಲೇ ಕೊಳೆಯಬಹುದು. ಸುರುಳಿ ಸುಗಂಧಿಗೆ 2 ಅಡಿ ಅಂತರ ಸಾಕು, ರೆಡ್ ಜಿಂಜರ್‌ಗೆ 4 ಅಡಿ. ಆಳೆತ್ತರ ಮೀರಿ ಬೆಳೆಯುವ ಟಾರ್ಚ್ ಜಿಂಜರ್‌ಗೆ 6 ಅಡಿ ಬಿಡಲೇಬೇಕು. ಅದನ್ನು ಕಿಟಕಿಯ ಪಕ್ಕ ನೆಟ್ಟರೆ ಎರಡು ವರ್ಷದಲ್ಲಿ ಮನೆಯೊಳಗೆ ಕತ್ತಲು.

ಸೆಪ್ಟೆಂಬರಿನಲ್ಲಿ ಮಳೆ ಸಡಿಲವಾದ ಮೇಲೆ ಗೋಬರ್ ಗ್ಯಾಸಿನ ಸ್ಲರಿಗೆ ಎರಡರಷ್ಟು ನೀರು ಸೇರಿಸಿ ಬುಡದಿಂದ ಸ್ವಲ್ಪ ಆಚೆ ಹೊಯ್ಯಿರಿ. ಯೂರಿಯಾ ಸುರಿದರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ. ಡಿಸೆಂಬರಿನಿಂದ ಅಡಿಕೆ ಸೋಗೆಯ ಮುಚ್ಚಿಗೆ ಹೊದಿಸಿ, ದಿನ ಬಿಟ್ಟು ದಿನ ಬುಡಕ್ಕೆ ಒಂದು ಕೊಡ ನೀರು ಕೊಡಿ. ಎಲೆಯಂಚು ಕಂದಾಗಿ ಸುಟ್ಟಂತಾದರೆ ನೀರು ಸಾಲದು, ಇಲ್ಲವೇ ಬಿಸಿಲು ಹೆಚ್ಚು.

ಸುಗಂಧಿಯ ಒಂದು ದಂಟು ಒಮ್ಮೆ ಮಾತ್ರ ಹೂ ಬಿಡುತ್ತದೆ. ಹೂ ಮುಗಿದ ದಂಟನ್ನು ನೆಲಮಟ್ಟಕ್ಕೆ ಕಡಿದರೆ ಹೊಸ ಮೊಳಕೆಗೆ ಗಾಳಿ ಬೆಳಕು ಸಿಗುತ್ತದೆ. ಇದೇ ಲೆಕ್ಕವನ್ನು ಟಾರ್ಚ್ ಜಿಂಜರ್‌ಗೆ ಹಾಕಬೇಡಿ. ಅದರ ಹೂ ಎಲೆದಂಟಿನ ತುದಿಯಲ್ಲಿ ಬರುವುದಿಲ್ಲ. ನೆಲದಿಂದ ಬೇರೆಯೇ ಬೋಳು ಕೋಲಾಗಿ ಏಳುತ್ತದೆ. ತುದಿಯಲ್ಲಿ ಹೂ ಕಾಣಲಿಲ್ಲವೆಂದು ದಂಟು ಕಡಿದವರು ಹೂವಿಗೆ ಅನ್ನ ಒದಗಿಸುವ ಎಲೆಗಳನ್ನೇ ಕಡಿದಂತೆ.

ದಂಟಿನಲ್ಲಿ ತೂತು, ಅದರ ಬಾಯಲ್ಲಿ ಹುಡಿ ಕಂಡರೆ ಕಾಂಡಕೊರಕ. ಆ ದಂಟನ್ನು ಕಡಿದು ಸುಟ್ಟುಬಿಡಿ. ಎಲೆ ಹಳದಿಯಾಗಿ, ದಂಟು ಎಳೆದರೆ ಬುಡದಿಂದಲೇ ಕಿತ್ತುಬಂದರೆ ಗೆಡ್ಡೆ ಕೊಳೆರೋಗ. ಕೊಳೆತದ್ದನ್ನು ತೆಗೆದು, ಉಳಿದ ಬುಡಗಳಿಗೆ ಶೇ 1ರ ಬೋರ್ಡೋ ದ್ರಾವಣ ಹೊಯ್ಯಿರಿ. 10 ಲೀಟರಿಗೆ ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ. ಅಡಿಕೆಗೆ ಬಿಡುವ ಅದೇ ಮದ್ದು. ಎಲೆ ಹಸಿರಿದ್ದಾಗಲೇ ಗಿಡ ಸೊರಗಿದರೆ ಮಾತ್ರ ಬೇರೆ ಪರೀಕ್ಷೆ ಬೇಕು. ದಂಟಿನ ತುಂಡನ್ನು ಗಾಜಿನ ಲೋಟದ ತಿಳಿನೀರಲ್ಲಿ ಅದ್ದಿ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ, ಬೋರ್ಡೋಗೆ ಬಗ್ಗದು. ಬುಡವಿಡೀ ಕಿತ್ತು ಸುಡಿ. ಆ ಜಾಗದಲ್ಲಿ ಶುಂಠಿ, ಬದನೆ, ಟೊಮೆಟೊ ಯಾವುದನ್ನೂ ನೆಡಬೇಡಿ.

ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಿದಾಗ ಗೆಡ್ಡೆ ರಾಶಿ ಉಳಿಯುತ್ತದೆ. ಸುಗಂಧಿಯ ಗೆಡ್ಡೆಯನ್ನು ತೋಡಿಗೆ ಎಸೆಯಬೇಡಿ. ಹರಿವ ನೀರಿನ ದಡದಲ್ಲಿ ಹಬ್ಬಿ ಬೇರೆ ಗಿಡಗಳನ್ನು ಅದು ಒತ್ತಿಹಾಕುತ್ತದೆ. ರೆಡ್ ಜಿಂಜರ್‌ನ ಹಳೆಯ ಹೂಗೊಂಚಲಿನಲ್ಲಿಯೇ ಪುಟ್ಟ ಸಸಿಗಳು ಮೂಡುತ್ತವೆ. ಬೇರು ಕಂಡ ಮೇಲೆ ಬಿಡಿಸಿ, ತೆಂಗಿನ ನಾರಿನ ಹುಡಿ ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟರೆ ಮುಂದಿನ ಮಳೆಗೆ ಕೊಡಲು ಸಸಿ ತಯಾರು.