ಹಳೇ ಗ್ರಾಮಫೋನ್ ಪ್ಲೇಟಿನ ಹಾಡು ಆನ್‌ಲೈನಿನಲ್ಲಿ ಹುಡುಕುವುದು ಹೇಗೆ?

ಬೀಳಗಿಯ ಹಳೇ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ ಹಾಡು ಕೇಳಬೇಕು ಅಂತ ಜನ ಯಾವುದೋ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹ ತೆರೆಯುತ್ತಾರೆ. ಕನ್ನಡದಲ್ಲೇ ಹೆಸರು ಟೈಪ್ ಮಾಡುತ್ತಾರೆ. ಏನೂ ಬರುವುದಿಲ್ಲ. "ಇದರಾಗ ಏನೂ ಇಲ್ಲರೀ" ಅಂತ ಮುಚ್ಚಿ ಯೂಟ್ಯೂಬಿಗೆ ಹೋಗುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಹಳೇ ಸಂಗೀತದ ಹುಚ್ಚು ಇರುವವರಿಗೆ ಬರವಿಲ್ಲ. ಆದರೆ ಬಹಳ ಮಂದಿ ಎಡವುವುದು ಇಲ್ಲೇ.

ಮೊದಲು, ಯಾವ ಸಂಗ್ರಹದಲ್ಲಿ ಏನಿದೆ ಅಂತ ತಿಳಿದುಕೊಳ್ಳಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯದಲ್ಲಿ 10,000ಕ್ಕೂ ಹೆಚ್ಚು ಸಿಲಿಂಡರ್ ರೆಕಾರ್ಡುಗಳ ಧ್ವನಿ ಪುಕ್ಕಟೆ ಸಿಗುತ್ತದೆ. ಪ್ಲೇಟಿಗಿಂತ ಮೊದಲು ಬಳಕೆಗೆ ಬಂದ, ಧ್ವನಿ ತುಂಬಿದ ಕೊಳವೆಗಳು ಅವು. ಜನ ಮನೆಯಲ್ಲೇ ಮಾತಾಡಿ, ಹಾಡಿ ತುಂಬಿಟ್ಟ ಕೊಳವೆಗಳೂ ಅದರಲ್ಲಿವೆ. ಕೇಳಲು ಮಜಾ ಇದೆ, ಆದರೆ ಬಹುಪಾಲು ಅಮೆರಿಕದ ಸರಕು. ಎಡಿಸನ್ ಕಂಪನಿ 1929ರಲ್ಲಿ ಸಿಲಿಂಡರ್ ನಿಲ್ಲಿಸಿತು. ಅಮೀರ್‌ಬಾಯಿ ಹೆಸರಾದದ್ದು ಅದಾದ ಮೇಲೆ. ಅವರನ್ನು ಅಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಶಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಬ್ರಿಟಿಷ್ ಕಾಲದ ಭಾಷಾ ವಿದ್ವಾಂಸ ಗ್ರಿಯರ್ಸನ್ ಅವರ ಭಾರತದ ಭಾಷಾ ಸಮೀಕ್ಷೆಗಾಗಿ 1913ರಿಂದ 1929ರ ನಡುವೆ ಮಾಡಿದ ಗ್ರಾಮಫೋನ್ ಮುದ್ರಣಗಳಿವೆ. ನೂರು ವರ್ಷದ ಹಿಂದೆ ನಮ್ಮ ದೇಶದ ಜನ ಹೇಗೆ ಮಾತಾಡುತ್ತಿದ್ದರು ಅಂತ ಕೇಳಬೇಕಾದರೆ ಇದೇ ಜಾಗ. ಹಿಂದೂಸ್ತಾನಿ ಗಾಯನದ ಖಯಾಲ್ ಬೇಕಾದವರು ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಸಂಗ್ರಹದ ಬಗ್ಗೆ ವಿಚಾರಿಸಿ. ವಿಶ್ವವಿದ್ಯಾಲಯವೇ ಆಗಬೇಕು ಅಂತಿಲ್ಲದಿದ್ದರೆ ಇಂಟರ್ನೆಟ್ ಆರ್ಕೈವ್, ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕೂಡ ಇವೆ.

ಈಗ ಹುಡುಕಾಟ. ಇಲ್ಲಿ ಅವಸರ ಬೇಡ.

ಕನ್ನಡದಲ್ಲಿ ಟೈಪ್ ಮಾಡಬೇಡಿ. ಈ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿವೆ, ಅದರಲ್ಲೂ ಕಾಗುಣಿತ ಹತ್ತು ಥರ. ಅಮೀರ್ ಅನ್ನುವುದಕ್ಕೆ ಒಬ್ಬರು ಒಂದು 'ಐ' ಹಾಕಿದರೆ ಇನ್ನೊಬ್ಬರು ಎರಡು 'ಇ' ಹಾಕುತ್ತಾರೆ. 'ಬಾಯಿ'ಯನ್ನು ಒಬ್ಬರು ಹೆಸರಿಗೆ ಅಂಟಿಸಿದರೆ ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ. ಹಾಗಾಗಿ 'ಕರ್ನಾಟಕಿ' ಒಂದನ್ನೇ ಕೊಟ್ಟು ನೋಡಿ. ಆಗ ಅವರ ಅಕ್ಕ ಗೋಹರ್‌ಬಾಯಿ ಕರ್ನಾಟಕಿಯೂ ಬರಬಹುದು, ಬರಲಿ ಬಿಡಿ, ಲಾಭವೇ. ಊರಿನ ಹೆಸರಿಂದ ಹುಡುಕುವುದಾದರೆ ಹಳೇ ರೂಪ ಕೊಡಿ: ವಿಜಯಪುರ ಅಲ್ಲ ಬಿಜಾಪುರ, ಬೆಳಗಾವಿ ಅಲ್ಲ ಬೆಲ್ಗಾಂ. 2014ರಲ್ಲಿ ಬದಲಾದ ಹೆಸರು 1935ರ ಪ್ಲೇಟಿನ ಮೇಲೆ ಇರುವುದಿಲ್ಲ ಅಲ್ವಾ?

ಹೆಸರೇ ಬೇರೆ ಇರುವುದೂ ಉಂಟು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಎಂಬ ಹೆಸರಲ್ಲಿ ಬಂದವು. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಕೋಂಕಳಿಮಠ ಅಂತ ಹುಡುಕಿದರೆ ಏನೂ ಸಿಗದು, ಕುಮಾರ ಗಂಧರ್ವ ಅನ್ನಬೇಕು. ಸಿನಿಮಾ ಹಾಡಿನ ಪ್ಲೇಟಿನ ಮೇಲೆ ಗಾಯಕಿಯ ಬದಲು ಪಾತ್ರದ ಹೆಸರು ಹಾಕುವ ರೂಢಿಯೂ ಇತ್ತು. 1949ರ 'ಮಹಲ್' ಚಿತ್ರದ ಪ್ಲೇಟಿನಲ್ಲಿ ಲತಾ ಮಂಗೇಶ್ಕರ್ ಹೆಸರಿರಲಿಲ್ಲ, ಕಾಮಿನಿ ಅಂತಿತ್ತು.

ಎಲ್ಲಕ್ಕಿಂತ ನಂಬಿಕಸ್ಥ ದಾರಿ ಅಂದರೆ ನಂಬರು. ಪ್ಲೇಟಿನಲ್ಲಿ ಎರಡು ನಂಬರು ಇರುತ್ತವೆ. ಒಂದು ಕ್ಯಾಟಲಾಗ್ ನಂಬರು, ಲೇಬಲ್ ಮೇಲೆ ದಪ್ಪಗೆ ಇರುತ್ತದೆ. ಎಚ್‌ಎಂವಿ ಕಂಪನಿಯ ಎನ್ ಸರಣಿ, ಕೊಲಂಬಿಯಾ ಕಂಪನಿಯ ಜಿಇ ಸರಣಿ ಹಳೇ ಸಿನಿಮಾ ಹಾಡಿನವರಿಗೆ ಗೊತ್ತೇ ಇರುತ್ತದೆ. ಇನ್ನೊಂದು ಮ್ಯಾಟ್ರಿಕ್ಸ್ ನಂಬರು. ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಒತ್ತಿರುತ್ತಾರೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಇದು ಒಂದೊಂದು ಮಗ್ಗಲಿಗೂ ಬೇರೆ. ಮನೆಯ ಅಟ್ಟದ ಮೇಲೆ ಪ್ಲೇಟು ಇದ್ದರೆ ಎರಡನ್ನೂ ಬರೆದುಕೊಳ್ಳಿ. ಹುಡುಕುವಾಗ ಅಕ್ಷರಕ್ಕೂ ಅಂಕಿಗೂ ನಡುವೆ ಜಾಗ ಬಿಟ್ಟು ಒಮ್ಮೆ, ಬಿಡದೆ ಒಮ್ಮೆ ಕೊಡಿ. ಚುಕ್ಕಿ ಇಟ್ಟರೆ ಕೆಲವು ಕಡೆ ಕೆಡುತ್ತದೆ.

ಆದರೆ ಆ ಪ್ಲೇಟನ್ನು ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸೂಟ್‌ಕೇಸ್ ಪ್ಲೇಯರಿಗೆ ಹಾಕಬೇಡಿ. ಅದರ ಮುಳ್ಳು ಆಮೇಲೆ ಬಂದ ಎಲ್‌ಪಿ ಪ್ಲೇಟಿಗೆ ಮಾಡಿದ್ದು, 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟಿನ, ಅಗಲ ಗೆರೆಗೆ ಹೊಂದುವುದಿಲ್ಲ. ಸುಮ್ನೆ ಪ್ಲೇಟು ಸವೆಯುತ್ತದೆ.

ಹಾಡು ಸಿಕ್ಕಿತು ಅನ್ನಿ. ವೈರಿನ ಹೆಡ್‌ಫೋನ್ ಹಾಕಿ, ಬಾಸ್ ಬೂಸ್ಟ್ ಆಫ್ ಮಾಡಿ. ಸರಸರ ಸದ್ದು ಇರುತ್ತದೆ, ಸ್ವಲ್ಪ ಹೊತ್ತಿಗೆ ಕಿವಿ ಒಗ್ಗುತ್ತದೆ. ಅದನ್ನು ಅಳಿಸುವ ಆಪ್‌ಗಳ ಗೋಜಿಗೆ ಹೋಗಬೇಡಿ. ಅವು ಸದ್ದಿನ ಜೊತೆಗೆ ತಂಬೂರಿಯ ಝೇಂಕಾರವನ್ನೂ ತಿಂದುಹಾಕುತ್ತವೆ. ಕೊನೆಯವರೆಗೂ ಕೇಳಿ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡು ಮುಗಿಸಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಪ್ಲೇಟು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿನವರಿಗೆ ಯಾರ ಹಾಡು ಅಂತ ಗೊತ್ತಾಗಬೇಕಿತ್ತಲ್ಲ. ಪಟ್ಟಿಯಲ್ಲಿ ಹೆಸರು ತಪ್ಪಾಗಿದ್ದರೂ ಇಂಥ ಕಡೆ ಸಿಕ್ಕಿಬೀಳುತ್ತದೆ.

ವೇಗದ ಮೇಲೂ ಒಂದು ಕಣ್ಣಿರಲಿ. 78 ಅನ್ನುವುದು ಹೆಸರಿಗೆ ಮಾತ್ರ, ಮೊದಲ ಕಾಲದ ಪ್ಲೇಟುಗಳು ಅದಕ್ಕಿಂತ ನಿಧಾನ ಇಲ್ಲವೇ ಜೋರಾಗಿ ತಿರುಗಲು ಮಾಡಿದವು. ದನಿ ಗೊಂಬೆಯ ಥರ ಕೀರಲಾಗಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅನುಮಾನಿಸಿ. ಪೇಟಿ (ಹಾರ್ಮೋನಿಯಂ) ಇಟ್ಟುಕೊಂಡು ಹಾಡಿನ ಷಡ್ಜ, ಅಂದರೆ 'ಸಾ' ಹಿಡಿಯಿರಿ. ಅದು ಪೇಟಿಯ ಬಿಳಿ ಮೂರು, ಬಿಳಿ ನಾಲ್ಕರ ಮನೆಗಳ ನಡುವೆ ಎಲ್ಲೋ ಒಂದು ಕಡೆ ಜೋತಾಡುತ್ತಿದ್ದರೆ ವೇಗ ಪರೀಕ್ಷಿಸಬೇಕು. ಪುಕ್ಕಟೆ ಸಿಗುವ ಆಡಾಸಿಟಿಯಲ್ಲಿ ವೇಗ ಮತ್ತು ಸ್ವರ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯನ್ನೇ ಒತ್ತಿ. ಸ್ವರ ಮಾತ್ರ ಇಳಿಸಿದರೆ ಲಯ ಓಡುತ್ತಲೇ ಇರುತ್ತದೆ.

ಇಳಿಸಿಕೊಂಡ ಫೈಲಿಗೆ 'ಹಾಡು 1' ಅಂತ ಹೆಸರಿಡಬೇಡಿ. ಗಾಯಕರು, ಕಂಪನಿ, ನಂಬರು, ಯಾವ ಸಂಗ್ರಹದ್ದು ಇಷ್ಟನ್ನು ಹೆಸರಲ್ಲೇ ಸೇರಿಸಿ. ಬೇರೆಯವರಿಗೆ ಹಂಚುವ ಮೊದಲು ವರ್ಷ ನೋಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ.