ಪ್ರೇತಕ್ಕೆ 45 ಹಿಟ್ ಪಾಯಿಂಟ್ ಕೊಡಬೇಡಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ನಮ್ಮದೊಂದು ಝೆರಾಕ್ಸ್ ಅಂಗಡಿ ಉಂಟು. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು ಒಳಗೆ ಐದು ಜನ ಕೂರುತ್ತೇವೆ. ಆಟ ನಡೆಸುವವನು ನಾನು. ಆಡುವವರು ಭಾವ, ತಂಗಿ, ಪಕ್ಕದ ಮೆಡಿಕಲ್ಲಿನ ಹುಡುಗ, ಅವನ ಗೆಳೆಯ. ನಮಗೆ ಗೊತ್ತಿರುವ ಆಟ ಡಂಜನ್ಸ್ ಆಂಡ್ ಡ್ರಾಗನ್ಸ್, ಐದನೇ ಆವೃತ್ತಿ. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಹಾಕುತ್ತಾ ಕಥೆ ನಡೆಸುವ ಆಟ ಅದು. ಹುಚ್ಚು ಹಿಡಿದದ್ದು, ಸ್ಯಾಮ್, ಡೀನ್ ಎಂಬ ಅಣ್ಣತಮ್ಮ ಪ್ರೇತ ಬೇಟೆಯಾಡುವ ಅಮೆರಿಕದ ಸೂಪರ್‌ನ್ಯಾಚುರಲ್ ಧಾರಾವಾಹಿಯದ್ದು. 2009ರಲ್ಲಿ ಈ ಧಾರಾವಾಹಿಗೇ ಅಂತ ಬೇರೆ ಒಂದು ಆಟದ ಪುಸ್ತಕ ಬಂದಿತ್ತು. ಆದರೆ ಇನ್ನೊಂದು ಸಲ ಹೊಸ ನಿಯಮ ಕಲಿಯುವುದಿಲ್ಲ ಎಂದು ಭಾವ ಖಡಾಖಂಡಿತ ಹೇಳಿದರು. ಹಾಗಾಗಿ ಇದ್ದದ್ದನ್ನೇ ತಿದ್ದಿಕೊಂಡೆವು.

ಮೊದಲ ದಿನ ಎಡವಿದ್ದು ನಾನೇ. 2014ರ ರಾಕ್ಷಸರ ಪುಸ್ತಕದಲ್ಲಿ ಇರುವ ಪ್ರೇತವನ್ನು ಹಾಗೇ ಎತ್ತಿ ತಂದೆ. ಅದಕ್ಕೆ 45 ಹಿಟ್ ಪಾಯಿಂಟ್, ಅಂದರೆ ಜೀವ ಎಷ್ಟು ಉಳಿದಿದೆ ಎಂದು ಹೇಳುವ ಅಂಕಿ. ನಾಲ್ಕೂ ಜನ ಸುತ್ತ ನಿಂತು ಬಡಿದರು. ಅಂಕಿ ಸೊನ್ನೆಗೆ ಬಂತು, ಪ್ರೇತ ಹೋಯಿತು. ಅವಳು ಯಾರು, ಹೇಗೆ ಸತ್ತಳು ಎಂದು ಒಬ್ಬರೂ ಕೇಳಲಿಲ್ಲ. ನಾನು ಮೂರು ರಾತ್ರಿ ಕೂತು ಬರೆದ ಕಥೆ ಜೇಬಿನಲ್ಲೇ ಉಳಿಯಿತು.

2005ರ ಸೆಪ್ಟೆಂಬರ್ 13ಕ್ಕೆ ಪ್ರಸಾರವಾದ ಮೊದಲ ಕಂತನ್ನು ಮತ್ತೆ ನೋಡಿ. ಬಿಳಿ ಬಟ್ಟೆಯ ಹೆಂಗಸು ರಸ್ತೆಯಲ್ಲಿ ಗಂಡಸರನ್ನು ಕೊಲ್ಲುತ್ತಿರುತ್ತಾಳೆ. ಗುಂಡು ಹೊಡೆದರೂ ಅವಳು ಹೋಗುವುದಿಲ್ಲ. ಅವಳು ತನ್ನ ಮಕ್ಕಳನ್ನು ಕೊಂದವಳು, ಅದಕ್ಕೇ ಮನೆಗೆ ಹೋಗಲು ಹೆದರುತ್ತಾಳೆ. ಸ್ಯಾಮ್ ಕಾರನ್ನು ನೇರ ಆ ಮನೆಯೊಳಗೇ ನುಗ್ಗಿಸುತ್ತಾನೆ. ಮಕ್ಕಳೇ ಬಂದು ಅವಳನ್ನು ಕರೆದುಕೊಂಡು ಹೋಗುತ್ತವೆ. ಅಲ್ಲಿ ಕೆಲಸ ಮಾಡಿದ್ದು ಅವಳ ಕಥೆ ತಿಳಿದದ್ದು, ಬಂದೂಕಲ್ಲ.

ಹಾಗಾಗಿ ಪ್ರೇತದ ಹಿಟ್ ಪಾಯಿಂಟ್ ತೆಗೆದೇ ಹಾಕಿ. ಒಂದು ಕಾರ್ಡ್ ತೆಗೆದುಕೊಂಡು ಮೂರು ಸಾಲು ಬರೆಯಿರಿ: ಇದು ಯಾರು, ಯಾವುದಕ್ಕೆ ಅಂಟಿಕೊಂಡಿದೆ, ಏನು ಮಾಡಿದರೆ ಬಿಡುತ್ತದೆ. ಮೂರನೆಯ ಸಾಲು ನಡೆಯುವವರೆಗೆ ಅದು ಸಾಯುವುದಿಲ್ಲ. ಕಬ್ಬಿಣ ತಾಗಿದರೆ, ಉಪ್ಪು ತುಂಬಿದ ತೋಟಾ ಬಡಿದರೆ ನಾಲ್ಕು ಮುಖದ ದಾಳ ಉರುಳಿಸಿ. ಬಿದ್ದಷ್ಟು ಸುತ್ತು ಪ್ರೇತ ಮಾಯ, ಆಮೇಲೆ ಮತ್ತೆ ಹಾಜರು. ಒಂದು ಸುತ್ತು ಅಂದರೆ 6 ಸೆಕೆಂಡ್. ಕಾರ್ಡಿನ ಮೂರನೆಯ ಸಾಲು ಮೂಳೆ ಸುಡುವುದಾದರೆ, ಇಂಥ ಬಿಡುವುಗಳಲ್ಲೇ ಅಗೆದು, ಉಪ್ಪು ಹಾಕಿ, ಸುಡಬೇಕು. ಮೇಜಿನ ಸುತ್ತ ಕೂತವರ ಮುಖ ಆಗ ನೋಡಬೇಕು! ರಕ್ತಪಿಶಾಚಿ, ರೂಪ ಬದಲಿಸುವವರು ಇಂಥವಕ್ಕೆ ಹಿಟ್ ಪಾಯಿಂಟ್ ಇರಲಿ. ಸೊನ್ನೆಗೆ ಬಂದರೆ ಬೀಳುತ್ತವೆ, ಸಾಯುವುದಿಲ್ಲ. ಸಾಯಿಸಲು ಮೊದಲನೆಯದರ ತಲೆ ಕಡಿಯಬೇಕು, ಎರಡನೆಯದಕ್ಕೆ ಬೆಳ್ಳಿ ಬೇಕು.

ಸುಳಿವಿಗೆ ಮಾತ್ರ ದಾಳ ಹಾಕಿಸಬೇಡಿ. ಲೈಬ್ರರಿಗೆ ಹೋದವರಿಗೆ ಹಳೆ ಪತ್ರಿಕೆ ಸಿಕ್ಕೇ ಸಿಗಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. ದಾಳ ಹೇಳಬೇಕಾದದ್ದು ಅದಕ್ಕೆ ಎಷ್ಟು ಖರ್ಚಾಯಿತು ಎಂದು. ಕಡಿಮೆ ಬಿದ್ದರೆ ಕತ್ತಲಾಯಿತು, ಅಥವಾ ಊರಿನ ಪೊಲೀಸ್ ಅಧಿಕಾರಿಯಾದ ಶೆರಿಫ್‌ಗೆ ಅನುಮಾನ ಬಂತು. ಅನುಮಾನಕ್ಕೆ ಹಾಳೆಯ ಮೂಲೆಯಲ್ಲಿ ಗೀಟು ಹಾಕುತ್ತಾ ಹೋಗಿ. ಮೂರು ಗೀಟಾದರೆ ಅವನು, ಆಟಗಾರರು ತೋರಿಸಿದ ನಕಲಿ ಎಫ್‌ಬಿಐ ಕಾರ್ಡ್ ನಿಜವಾ ಎಂದು ಫೋನ್ ಮಾಡುತ್ತಾನೆ. ಧಾರಾವಾಹಿಯಲ್ಲಿ ಅಣ್ಣತಮ್ಮಂದಿರ ಹಿರಿಯ ಗೆಳೆಯ ಬಾಬಿ ಇಂಥ ಕರೆಗಳಿಗೇ ಅಂತ ಅಡುಗೆಮನೆಯಲ್ಲಿ ಸಾಲಾಗಿ ಫೋನ್ ಇಟ್ಟುಕೊಂಡಿರುತ್ತಾನೆ, ಅಲ್ವಾ? ಒಂದು ಕಥೆಗೆ ಒಂದೇ ಸಲ ಆಟಗಾರರು ಬಾಬಿಯನ್ನು ಬಳಸಬಹುದು. ಗೀಟೆಲ್ಲ ಅಳಿಸಿ ಹೋಗುತ್ತವೆ. ನಮ್ಮಲ್ಲಿ ಭಾವ ಅದನ್ನು ಮೊದಲ ಅರ್ಧ ಗಂಟೆಯಲ್ಲೇ ಖರ್ಚು ಮಾಡುತ್ತಾರೆ, ಪ್ರತಿ ಸಲ.

ಪಾತ್ರಗಳು ಸುಲಭ. ಹೊಡೆದಾಡುವ ಫೈಟರ್, ಕದ್ದು ನುಸುಳುವ ರೋಗ್ ಸಾಕು. ಮಂತ್ರ ಹಾಕುವ ವರ್ಗ ಬೇಡ. ಮೆಡಿಕಲ್ಲಿನ ಹುಡುಗ ವಿಝರ್ಡ್ ಇಲ್ಲ ಎಂದು ಮುನಿಸಿಕೊಂಡ. ಅವನಿಗೆ ಹಳೆ ಪುಸ್ತಕವೊಂದನ್ನು ಕೊಟ್ಟೆ: ಮಂತ್ರ ಹೇಳಬಹುದು, ಆದರೆ ಸಾಮಾನು ಹುಡುಕಿ ತರಬೇಕು, ಪೂರ್ತಿ ಓದಲು ಹತ್ತು ನಿಮಿಷ ಬೇಕು. ಉಳಿದವರು ಅಷ್ಟು ಹೊತ್ತು ಬಾಗಿಲು ಒತ್ತಿ ಹಿಡಿಯಬೇಕು. ಮೂರನೇ ಲೆವೆಲ್ಲಿನಲ್ಲಿ ಶುರು ಮಾಡಿ, ಐದಕ್ಕೆ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದರೆ ಯಾರಿಗೂ ಹೆದರಿಕೆ ಉಳಿಯುವುದಿಲ್ಲ. ವಿಶ್ರಾಂತಿಗೆ 2014ರ ಆಟ ನಡೆಸುವವರ ಪುಸ್ತಕದಲ್ಲೇ ಒಂದು ಕಠಿಣ ನಿಯಮ ಉಂಟು: ಸಣ್ಣದಕ್ಕೆ 8 ಗಂಟೆ, ದೊಡ್ಡದಕ್ಕೆ 7 ದಿನ. ಅದನ್ನೇ ಹಾಕಿ. ಮೋಟೆಲಿನಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಗಾಯ ಮಾಯ ಆಗಬಾರದು.

ಕಥೆಯನ್ನು ಅಮೆರಿಕದಲ್ಲೇ ಇಡಬೇಕಾ ಎಂದು ದೊಡ್ಡ ಜಗಳವೇ ಆಯಿತು. "ಎಂತ ಮಾರಾಯ, ಕಾನ್ಸಸ್ ಯಾಕೆ? ನಮ್ಮಲ್ಲಿ ಕಮ್ಮಿ ಉಂಟಾ?" ಎಂದರು ಭಾವ. ಊರಿಗೆ ತಂದೆವು. ಆದರೆ ದೈವಗಳನ್ನು ಮುಟ್ಟುವುದಿಲ್ಲ ಎಂದು ಮೊದಲೇ ಮಾತಾಯಿತು. ವರ್ಷಕ್ಕೊಮ್ಮೆ ನೇಮ ಕೊಟ್ಟು ಕೈಮುಗಿಯುವ ದೈವಕ್ಕೆ ಹಿಟ್ ಪಾಯಿಂಟ್ ಬರೆಯಲು ನನಗಂತೂ ಕೈ ಬಾರದು. ನಮ್ಮ ಕಡೆ ಸತ್ತವರ ಆತ್ಮಕ್ಕೆ ಕುಲೆ ಎನ್ನುತ್ತಾರೆ. ಅದು ಸರಿಯಾಗಿ ಹೊಂದಿತು. ಮದುವೆಯಾಗದೆ ಸತ್ತ ಹುಡುಗಿ, ತಮ್ಮನ ಸಂಬಂಧಗಳೆಲ್ಲ ಮುರಿದು ಬೀಳುತ್ತಿವೆ. ಕಾರ್ಡಿನ ಮೂರನೆಯ ಸಾಲು ತಂಗಿ ಹೊಳೆಸಿದ್ದು: ಪ್ರೇತ ಮದುವೆ, ಅಂದರೆ ಸತ್ತ ಇಬ್ಬರಿಗೆ ಮನೆಯವರು ಸೇರಿ ಮಾಡುವ ಮದುವೆ. ಬಂದೂಕು ಹಿಡಿದು ಬಂದವರು ಮೂರು ಗಂಟೆ ಊರೂರು ತಿರುಗಿ, ಮಗನನ್ನು ಕಳೆದುಕೊಂಡ ಇನ್ನೊಂದು ಮನೆ ಹುಡುಕಿದರು. ಅಲ್ಲಿಯ ತಾಯಿಯ ಹತ್ತಿರ ಈ ಮಾತು ಹೇಗೆ ಎತ್ತುವುದು? ಭಾವ ಬಾಯಿ ಬಿಡಲಿಲ್ಲ. ಬನ್ಸ್ ತಣ್ಣಗಾಯಿತು. ಆ ದಿನ ಹೊಡೆದಾಟಕ್ಕೆ ಒಂದು ದಾಳವೂ ಉರುಳಲಿಲ್ಲ.

ಕೊನೆಗೆ, ಬೇಟೆಯ ಸಾಮಾನು ತುಂಬಿಡುವ ಕಾರಿನ ಡಿಕ್ಕಿಯ ಲೆಕ್ಕ. ಉಪ್ಪು ಎಷ್ಟು, ಬೆಳ್ಳಿ ಗುಂಡು ಎಷ್ಟು ಎಂದು ಬರೆದಿಟ್ಟರೆ ಯಾರೂ ನೋಡುವುದಿಲ್ಲ. ನಾವು ಅಮ್ಮನ ಚೆನ್ನೆಮಣೆ ತಂದೆವು. ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಗುಳಿ ಉಪ್ಪಿಗೆ, ಒಂದು ತೋಟಾಕ್ಕೆ, ಒಂದು ಪೆಟ್ರೋಲಿಗೆ, ಹೀಗೆ. ಬಳಸಿದಾಗ ಒಂದು ಮಂಜೊಟ್ಟಿ ಕಾಯಿ ತೆಗೆಯಿರಿ. ಗುಳಿ ಖಾಲಿಯಾಗುವುದು ಕಣ್ಣಿಗೇ ಕಾಣುತ್ತದೆ. ಚೆನ್ನೆ ಆಡುವ ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಮಾತ್ರ ಮಣೆ ಅಮ್ಮನಿಗೆ ವಾಪಸ್ ಬೇಕು. ಆಗ ನಮ್ಮಲ್ಲಿ ಇಡ್ಲಿ ತಟ್ಟೆ ನಡೆಯುತ್ತದೆ.