ಮನೆಯವರ ಕಥೆಯನ್ನು ಆತ್ಮಕಥನದಲ್ಲಿ ಬರೆಯುವವರಿಗೆ

ಅಣ್ಣನ ಸಾಲವನ್ನೋ ಅತ್ತಿಗೆಯ ಕಾಯಿಲೆಯನ್ನೋ ಆತ್ಮಕಥನದಲ್ಲಿ ಬರೆಯಹೊರಟವರು ಮೊದಲ ಕರಡನ್ನು ಅಳುಕಿಲ್ಲದೆ ಮುಗಿಸಿ, ಆಮೇಲೆ ಪ್ರತಿಯೊಂದು ಪ್ರಸಂಗದ ಪಕ್ಕದಲ್ಲಿ ಅದು ತಾವು ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ ಎಂದು ಗುರುತು ಹಾಕಿಕೊಳ್ಳಬೇಕು. ಊಹೆಯನ್ನು ಊಹೆಯೆಂದೇ ಬರೆಯಿರಿ.

ನಿಜವನ್ನೇ ಬರೆದಿದ್ದೇನೆಂಬ ಧೈರ್ಯವೊಂದೇ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ, ಕ್ರಿಮಿನಲ್ ಮಾನನಷ್ಟದ ಆರೋಪ ಬಂದಾಗ ಸತ್ಯವು ರಕ್ಷಣೆಗೆ ಬರುವುದು ಅದರ ಪ್ರಕಟಣೆಯಲ್ಲಿ ಸಾರ್ವಜನಿಕ ಹಿತವೂ ಇದ್ದರೆ ಮಾತ್ರ. ತೀರಿಕೊಂಡವರ ಬಗ್ಗೆ ಬರೆದದ್ದು ಕೂಡ, ಅವರ ಹತ್ತಿರದ ಬಂಧುಗಳನ್ನು ನೋಯಿಸುವ ಉದ್ದೇಶದ್ದಾಗಿದ್ದರೆ, ಮಾನನಷ್ಟವೆನಿಸಬಹುದು. ಮದುವೆ, ಸಂತಾನದಂಥ ಖಾಸಗಿ ಸಂಗತಿಗಳನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲವೆಂದೂ, ಸಾರ್ವಜನಿಕ ದಾಖಲೆಯಲ್ಲಿರುವುದಕ್ಕೆ ಸಾಮಾನ್ಯವಾಗಿ ಈ ತಡೆಯಿಲ್ಲವೆಂದೂ ಸುಪ್ರೀಂ ಕೋರ್ಟು 1994ರ ಆಟೋ ಶಂಕರ್ ಪ್ರಕರಣದಲ್ಲಿ (ಕೊಲೆ ಅಪರಾಧಿಯೊಬ್ಬನ ಆತ್ಮಕಥೆಯ ಪ್ರಕಟಣೆ ಕುರಿತ ಮೊಕದ್ದಮೆಯಲ್ಲಿ) ಹೇಳಿದೆ. ಆದ್ದರಿಂದ ಆಸ್ತಿ ವ್ಯಾಜ್ಯದ ಬಗ್ಗೆ ಬರೆಯುವುದಾದರೆ ತೀರ್ಪಿನ ದೃಢೀಕೃತ ನಕಲನ್ನು ಕೈಯಲ್ಲಿಟ್ಟುಕೊಳ್ಳಿ.

ಹೆಸರು ಬದಲಿಸಿದರಾಯಿತೆಂಬುದು ಭ್ರಮೆ. ಊರಿನವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಸಂಬಂಧಪಟ್ಟವರಿಗೆ ಆ ಪುಟಗಳನ್ನು ಅಚ್ಚಿಗೆ ಮೊದಲೇ ಎದುರು ಕೂತು ಓದಿ ಹೇಳಿ, ಒಪ್ಪಿದರೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಕೊಡುವ ವಯಸ್ಸಾಗದ ಮಕ್ಕಳ ಪ್ರಸಂಗಗಳನ್ನು, ಎಷ್ಟೇ ಸೊಗಸಾಗಿ ಬಂದಿದ್ದರೂ, ಸದ್ಯಕ್ಕೆ ತೆಗೆದಿಡಿ.